ಬ್ರೇಕ್ ತುಳಿಯುವ ಗಾಳಿ

ಎಳನೀರಿಗೆ ಸ್ಟ್ರಾ ಹಾಕಿ ಹೀರುವಾಗ ನೀರನ್ನು ನಾವೇ ಮೇಲಕ್ಕೆ ಎಳೆಯುತ್ತೇವೆ ಎಂದುಕೊಳ್ಳುತ್ತೇವೆ. ನಿಜಕ್ಕೂ ಆ ಕೆಲಸ ಮಾಡುವುದು ಹೊರಗಿನ ಗಾಳಿ. ನಾವು ಸ್ಟ್ರಾ ಒಳಗಿನ ಒತ್ತಡವನ್ನು ತಗ್ಗಿಸುತ್ತೇವೆ, ಅಷ್ಟೇ. ಹೊರಗಿನ ಗಾಳಿ ಎಳನೀರನ್ನು ಅದುಮಿ ಬಾಯಿಗೆ ತಲುಪಿಸುತ್ತದೆ. ಇಂದಿನ ಬಹುಪಾಲು ಕಾರುಗಳ ಬ್ರೇಕ್ ಪೆಡಲ್ ಕಾಲಿಗೆ ಹಗುರಾಗಿರುವುದೂ ಇದೇ ಗಾಳಿಯ ದಯೆಯಿಂದ.

ಆ ದಯೆ ಎಷ್ಟೆಂದು ತಿಳಿಯಬೇಕಾದರೆ ಅದಿಲ್ಲದ ಗಾಡಿಯನ್ನು ನೋಡಬೇಕು. ಅಮೆರಿಕದಲ್ಲಿ ಹಳೆಯ ಪಿಕಪ್‌ಗಳನ್ನು ಜತನದಿಂದ ಕಾಪಾಡಿ ಓಡಿಸುವವರು ಬಹಳ. 1966ರ ಷೆವ್ರೊಲೆ ಸಿ10 ಪಿಕಪ್ ತೆಗೆದುಕೊಳ್ಳಿ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಪೆಡಲ್ ತುಳಿತವನ್ನು ಬ್ರೇಕ್ ಆಯಿಲ್‌ನ ಒತ್ತಡವಾಗಿಸಲು ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್. ಒಂದು ಪೈಪ್ ಒಡೆದರೆ ಸಾಕು, ನಾಲ್ಕೂ ಬ್ರೇಕ್ ಒಟ್ಟಿಗೆ ಕೈಕೊಡುತ್ತವೆ. 1967ರ ಮಾದರಿಯಲ್ಲಿ ಎರಡು ಕೋಣೆಯ ಸಿಲಿಂಡರ್ ಬಂತು, 1971ರಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬಂತು. ಹಳೆಯ ಗಾಡಿಯವರು ಈಗ ಬಯಸುವುದು ಈ ಎರಡನ್ನೇ. ಆದರೆ ಡಿಸ್ಕ್ ಹಾಕಿದ ಕೂಡಲೇ ಹೊಸ ಸಮಸ್ಯೆಯೊಂದು ಎದುರಾಗುತ್ತದೆ.

ಡ್ರಮ್‌ಗೆ ಒಂದು ವಿಶೇಷ ಗುಣವಿದೆ. ಒಳಗಿನಿಂದ ಒತ್ತುವ ಶೂ ಎಂಬ ಬಾಗಿದ ಪಟ್ಟಿ ತಾಗಿದೊಡನೆ ತಿರುಗುವ ಡ್ರಮ್ ಅದನ್ನು ತನ್ನತ್ತ ಇನ್ನಷ್ಟು ಸೆಳೆದುಕೊಳ್ಳುತ್ತದೆ. ಹಾಗಾಗಿ ಕಾಲಿನ ಶ್ರಮ ತುಸು ಕಡಿಮೆ. ಡಿಸ್ಕ್‌ಗೆ ಈ ಗುಣವಿಲ್ಲ. ಪ್ಯಾಡ್ ಅದನ್ನು ಎರಡೂ ಬದಿಯಿಂದ ನೇರವಾಗಿ ಹಿಸುಕಬೇಕು, ಅದಕ್ಕೆ ಬ್ರೇಕ್ ಆಯಿಲ್‌ನ ಒತ್ತಡ ಹೆಚ್ಚು ಬೇಕು. ಆ ಒತ್ತಡವನ್ನು ಕಾಲೊಂದೇ ಕೊಡುವುದು ಕಷ್ಟ. ಅಲ್ಲಿಗೆ ಬೂಸ್ಟರ್ ಬರುತ್ತದೆ.

ಬಾನೆಟ್ ಎತ್ತಿದರೆ ಚಾಲಕನ ಎದುರಿನ ತಗಡಿನ ಗೋಡೆಗೆ ಅಂಟಿಕೊಂಡಂತೆ ಕಾಣುವ ದುಂಡನೆಯ ಕಪ್ಪು ಡಬ್ಬಿಯೇ ಬೂಸ್ಟರ್. ಬೆಲ್ಜಿಯಂನ ಎಂಜಿನಿಯರ್ ಆಲ್ಬರ್ಟ್ ದೆವಾಂದ್ರ್ ರೂಪಿಸಿದ ಇಂಥ ಸಾಧನವನ್ನು ಬಾಷ್ ಕಂಪನಿ 1927ರಲ್ಲಿ ಹೊರತಂದಿತು. ಡಬ್ಬಿಯ ನಡುವೆ ರಬ್ಬರ್ ಪರದೆ. ಪೆಟ್ರೋಲ್ ಇಂಜಿನ್ ಗಾಳಿ ಹೀರುವಾಗ ಅದರ ಕೊಳವೆಯಲ್ಲಿ ಉಂಟಾಗುವ ನಿರ್ವಾತ ಪರದೆಯ ಎರಡೂ ಬದಿಯಲ್ಲಿ ತುಂಬಿರುತ್ತದೆ. ಪೆಡಲ್ ಒತ್ತಿದಾಗ ಪುಟ್ಟ ಕವಾಟ ತೆರೆದು ಹಿಂಬದಿಗೆ ಮಾತ್ರ ಹೊರಗಾಳಿ ನುಗ್ಗುತ್ತದೆ, ಪರದೆ ಮುಂದಕ್ಕೆ ಸರಿದು ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ. ಪರದೆಯ ಅಡ್ಡಳತೆ 25 ಸೆಂ.ಮೀ. ಎಂದುಕೊಳ್ಳೋಣ. ವಿಸ್ತೀರ್ಣ ಸುಮಾರು 490 ಚದರ ಸೆಂ.ಮೀ. ಪ್ರತಿ ಚದರ ಸೆಂಟಿಮೀಟರಿಗೆ 0.6 ಕಿಲೋ ಒತ್ತಡದ ವ್ಯತ್ಯಾಸ ಸಿಕ್ಕರೂ ಒಟ್ಟು ಬಲ 290 ಕಿಲೋ ದಾಟುತ್ತದೆ. ಸುಮಾರು ಮೂರು ಕ್ವಿಂಟಲ್ ತೂಕ ನಮ್ಮ ಕಾಲಿನ ಜೊತೆಗೆ ನಿಂತಂತೆ!

ಹಾಗೆಂದು ಬೂಸ್ಟರ್ ಒಂದನ್ನೇ ತಂದು ಕೂರಿಸಿದರೆ ಕೆಲಸ ಮುಗಿಯುವುದಿಲ್ಲ. ಬೂಸ್ಟರ್ ಇಲ್ಲದ ಗಾಡಿಯ ಪೆಡಲ್ ಕಾಲಿನ ಬಲವನ್ನು ಸುಮಾರು ಆರು ಪಟ್ಟು ಮಾಡುವ ಸನ್ನೆ. ಬೂಸ್ಟರ್ ಇರುವಲ್ಲಿ ನಾಲ್ಕು ಪಟ್ಟು ಸಾಕು. ಹಳೆಯ ಅನುಪಾತವನ್ನೇ ಉಳಿಸಿಕೊಂಡರೆ ಬೆರಳು ತಾಗಿಸಿದಷ್ಟಕ್ಕೇ ಚಕ್ರ ಲಾಕ್ ಆದೀತು. ಮಾಸ್ಟರ್ ಸಿಲಿಂಡರಿನ ಅಳತೆಯೂ ಹೊಂದಬೇಕು. ಕಿರಿದಾದರೆ ಒತ್ತಡ ಹೆಚ್ಚು, ಆದರೆ ಪೆಡಲ್ ಆಳಕ್ಕೆ ಹೋಗುತ್ತದೆ. ಹಿರಿದಾದರೆ ಪೆಡಲ್ ಗಟ್ಟಿ, ಒತ್ತಡ ಕಡಿಮೆ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಪಿಕಪ್‌ನಲ್ಲಿ ಹಿಂಚಕ್ರಕ್ಕೆ ಹೋಗುವ ಒತ್ತಡವನ್ನು ತಗ್ಗಿಸುವ ಕವಾಟ ಬೇಕೇ ಬೇಕು. ಖಾಲಿ ಪಿಕಪ್‌ನ ಹಿಂಭಾಗ ಹಗುರ. ಅಲ್ಲಿ ಚಕ್ರ ಮೊದಲು ಲಾಕ್ ಆದರೆ ಗಾಡಿ ಅಡ್ಡ ತಿರುಗುತ್ತದೆ. ಬೂಸ್ಟರಿನಿಂದ ಸಿಲಿಂಡರಿಗೆ ಚಾಚಿದ ಸರಳು ಕೂದಲೆಳೆಯಷ್ಟು ಉದ್ದವಾದರೂ ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಲೇ ಇದ್ದು ಕಾಯುತ್ತದೆ.

ಇಂಜಿನ್ನಿನ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ರೇಸಿಗೆಂದು ಕವಾಟ ತೆರೆಯುವ ಕ್ಯಾಮ್ ಬದಲಿಸಿದ ಇಂಜಿನ್ನಿನಲ್ಲಿ ನಿರ್ವಾತ ಸಾಲದು. ಡೀಸೆಲ್ ಇಂಜಿನ್ನಿನಲ್ಲಿ ಅದು ಬಹುತೇಕ ಹುಟ್ಟುವುದೇ ಇಲ್ಲ. ಅಂಥ ಗಾಡಿಗೆ ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಇರುತ್ತದೆ, ಇಲ್ಲವೇ ಪವರ್ ಸ್ಟೀರಿಂಗ್ ಪಂಪಿನ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರೋಬೂಸ್ಟ್ ಇರುತ್ತದೆ. ಒಂದನ್ನು ಬದಲಿಸಿದವರು ಉಳಿದವೆಲ್ಲವನ್ನೂ ಅಳೆದು ಹೊಂದಿಸಬೇಕು. ಬ್ರೇಕ್ ಎಂಬುದು ಪೆಡಲಿನಿಂದ ಟೈರಿನವರೆಗೆ ಒಂದೇ ಸರಪಳಿ. ಕೊನೆಯ ಕೊಂಡಿಯಾದ ಟೈರಿಗೆ ರಸ್ತೆಯ ಹಿಡಿತವಿಲ್ಲದಿದ್ದರೆ ಎಂಥ ಬೂಸ್ಟರ್ ಇದ್ದೂ ವ್ಯರ್ಥ.

ಬೂಸ್ಟರ್ ಸರಿ ಇದೆಯೇ ಎಂದು ನೋಡಲು ಯಾವ ಉಪಕರಣವೂ ಬೇಡ. ಇಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ತುಳಿಯಿರಿ. ಒಳಗಿನ ನಿರ್ವಾತ ಖಾಲಿಯಾಗಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಇಂಜಿನ್ ಸ್ಟಾರ್ಟ್ ಮಾಡಿ. ಪಾದದಡಿಯಲ್ಲಿ ಪೆಡಲ್ ಮೆಲ್ಲನೆ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಅಲುಗದಿದ್ದರೆ ಇಂದೇ ಮೆಕ್ಯಾನಿಕ್‌ಗೆ ತೋರಿಸಿ.

ಈ ಪರೀಕ್ಷೆ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಇಂಜಿನ್ ನಿಂತ ಮೇಲೆ ಬೂಸ್ಟರಿನಲ್ಲಿ ಉಳಿಯುವ ಸಹಾಯ ಒಂದೆರಡು ಸಲ ತುಳಿಯುವಷ್ಟು ಮಾತ್ರ. ಪೆಟ್ರೋಲ್ ಉಳಿಸಲೆಂದು ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಇಂಜಿನ್ ಆಫ್ ಮಾಡಿ ಗಾಡಿ ಇಳಿಸುವವರು ಆ ಕಲ್ಲಿನಂಥ ಪೆಡಲನ್ನು ತಿರುವಿನಲ್ಲಿ ನೆನಪಿಸಿಕೊಳ್ಳುವಂತಾಗಬಾರದು. ಘಾಟಿ ಇಳಿಯುವಾಗ ಇಂಜಿನ್ ಚಾಲೂ ಇರಲಿ, ಗಾಡಿ ಗೇರಿನಲ್ಲಿರಲಿ.