ಉರ್ದುವೋ, ತೆಲುಗೋ?

ಕಲಬುರ್ಗಿಯ ಸ್ಟೇಶನ್ ಬಜಾರದ ಹೆಸರಿನಲ್ಲಿಯೇ ಎರಡು ಭಾಷೆಗಳು ಕೂಡಿವೆ, ಎರಡೂ ಕನ್ನಡವಲ್ಲ. ಇಂಥ ಊರಿನ ಕನ್ನಡಿಗರು ನೆರೆಯ ಭಾಷೆಯೊಂದನ್ನು ಓದಲು ಕಲಿಯುವುದಾದರೆ ಯಾವುದನ್ನು ಹಿಡಿಯಬೇಕು?

ತೆಲುಗು ಕಣ್ಣಿಗೆ ಪರಿಚಿತ. ಎರಡೂ ಲಿಪಿಗಳ ಮೂಲ ಒಂದೇ; ತಲೆಕಟ್ಟಿನ ವ್ಯತ್ಯಾಸ ತಿಳಿದರೆ ಅಂಗಡಿಯ ಫಲಕ ಓದಲು ಬಹಳ ದಿನ ಬೇಡ. ನಮ್ಮ ಹಕಾರ ಅಲ್ಲಿ ಅನೇಕ ಕಡೆ ಪಕಾರ: ಹಾಲು ಪಾಲು, ಹುಲಿ ಪುಲಿ, ಹಾವು ಪಾಮು. ಹಳಗನ್ನಡ ಓದಿದವರಿಗೆ ಇದೇನೂ ಹೊಸತಲ್ಲ. ಎಡವುವುದು ಕ್ರಿಯಾಪದದಲ್ಲಿ, ‘ಬಂದಳು’, ‘ಬಂತು’ ಎರಡಕ್ಕೂ ಅಲ್ಲಿ ‘ವಚ್ಚಿಂದಿ’ ಒಂದೇ.

ಉರ್ದು ಕಿವಿಗೆ ಪರಿಚಿತ, ಕಣ್ಣಿಗೆ ಅಪರಿಚಿತ. ಅರ್ಜಿ, ವಕೀಲ, ಜಮೀನು, ರಸೀದಿ – ಇವನ್ನು ಪರಭಾಷೆಯೆಂದು ನಮ್ಮಲ್ಲಿ ಯಾರು ಎಣಿಸುತ್ತಾರೆ? ಬರವಣಿಗೆ ಮಾತ್ರ ಬಲದಿಂದ ಎಡಕ್ಕೆ. ಒಂದೇ ಅಕ್ಷರ ಪದದ ಮೊದಲಿಗೆ ಒಂದು ರೂಪ, ಕೊನೆಗೆ ಇನ್ನೊಂದು ರೂಪ ತಾಳುತ್ತದೆ. ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೇ ಇಲ್ಲ. ಪದ ಮೊದಲೇ ಗೊತ್ತಿದ್ದವರಿಗೆ ಓದು ಸಲೀಸು. ನಮಗೆ ಅನುಕೂಲವಾಗುವುದು ಇಲ್ಲಿಯೇ. ಬಾಗಿಲು ಪುಲ್ಲಿಂಗ, ಕಿಟಕಿ ಸ್ತ್ರೀಲಿಂಗ ಎಂಬ ತೊಡಕೇನೋ ಉಂಟು. ಆದರೆ ಅದು ಮಾತನಾಡುವವರ ಪಾಡು, ಓದುವವರದಲ್ಲ.

ನನ್ನ ಮತ ಉರ್ದುವಿಗೆ. 1948ರ ವರೆಗೆ ಈ ಸೀಮೆ ನಿಜಾಮರ ರಾಜ್ಯದಲ್ಲಿತ್ತು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದುವಿನಲ್ಲಿಯೇ ಪಾಠ ಹೇಳಿತು. ಅಜ್ಜನ ಕಾಲದ ಜಮೀನಿನ ದಸ್ತಾವೇಜು ಪೆಟ್ಟಿಗೆಯಲ್ಲಿದ್ದರೂ ಮೊಮ್ಮಗನಿಗೆ ಅದು ಬರಿಯ ಗೀರು. ವ್ಯಾಜ್ಯ ಬಂದಾಗ ಓದಿಸಲು ಇನ್ನೊಬ್ಬರ ಮನೆಗೆ ಹೋಗಬೇಕು; ಅವರು ಹೇಳಿದ್ದನ್ನು ನಂಬಬೇಕು.

ಕಲಿಯುವವರು ಕಾವ್ಯದಿಂದ ಆರಂಭಿಸಬೇಕಾಗಿಲ್ಲ. ಮನೆಯ ಹಳೆಯ ಕಾಗದದಲ್ಲಿ ಊರಿನ ಹೆಸರನ್ನೂ ಅಜ್ಜನ ಹೆಸರನ್ನೂ ಮೊದಲು ಹುಡುಕಲಿ.