ಒಂದೇ ಹೆಸರು, ಎರಡು ವೇಗ

ಒಂದೇ ಹೆಸರಿನ ಪ್ರೊಸೆಸರುಳ್ಳ ಎರಡು ಕಂಪ್ಯೂಟರುಗಳು. ಎರಡರಲ್ಲಿಯೂ ನಡೆಯುವುದು ವಿಂಡೋಸಿನ ಒಂದೇ ಆವೃತ್ತಿ. ಆದರೂ ಒಂದು, ಗುಂಡಿ ಒತ್ತಿದ ಅರ್ಧ ನಿಮಿಷದಲ್ಲಿ ಕೆಲಸಕ್ಕೆ ಸಿದ್ಧವಾಗುತ್ತದೆ. ಇನ್ನೊಂದು, ಮನೆಯವರು ಕಾಫಿ ಕುಡಿದು ಬರುವವರೆಗೂ ಏಳುವುದಿಲ್ಲ. ಇದು ಅನೇಕ ಮನೆಗಳ ಅನುಭವ. “ಯಂತ್ರ ಹಳೆಯದಾಯಿತು, ಹೊಸದನ್ನು ಕೊಳ್ಳಿ” ಎಂಬುದು ಆಗ ಎಲ್ಲೆಡೆ ದೊರೆಯುವ ಸುಲಭವಾದ ಸಲಹೆ. ಮೂವತ್ತು ನಲವತ್ತು ಸಾವಿರ ರೂಪಾಯಿ ಕೈಬಿಡುವ ಮೊದಲು, ಈ ಭೇದ ಎಲ್ಲಿಂದ ಬರುತ್ತದೆ ಎಂಬುದನ್ನು ಸಂಸಾರಸ್ಥರು ಒಂದಿಷ್ಟು ತಿಳಿದುಕೊಳ್ಳುವುದು ಮೇಲು.

ಮೊದಲು ಯಂತ್ರದೊಳಗಿನ ಕೆಲಸದ ಹಂಚಿಕೆಯನ್ನು ನೋಡೋಣ. ಮದುವೆ ಮನೆಯ ಅಡುಗೆಯನ್ನು ನೆನೆದುಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಲೆಯ ಮುಂದೆ ನಿಂತ ಅಡುಗೆ ಭಟ್ಟರೇ ಪ್ರೊಸೆಸರು. ಹೆಚ್ಚಿದ ತರಕಾರಿ, ಬೇಳೆ, ಮಸಾಲೆಗಳನ್ನು ಅವರ ಕೈಗೆಟುಕುವಂತೆ ಜೋಡಿಸಿಟ್ಟ ಜಾಗ ಮೆಮೊರಿ. ಅಂಗಡಿಯವರು ರ್ಯಾಮ್ ಎನ್ನುವುದು ಇದನ್ನೇ. ಮೂಟೆ ಮೂಟೆ ಸಾಮಾನು ತುಂಬಿರುವ ಉಗ್ರಾಣವೇ ಡಿಸ್ಕು. ಯಾವ ಸಾಮಾನು ಯಾವಾಗ ಬರಬೇಕು, ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ಓಡಾಡಿ ನಡೆಸುವ ಪಾರುಪತ್ಯಗಾರನೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್, ಲಿನಕ್ಸ್ ಈ ಜಾತಿಯವು. ಒಬ್ಬನೇ ಪಾರುಪತ್ಯಗಾರ ಎರಡು ಮದುವೆಗಳನ್ನು ನಡೆಸಿದರೂ, ಎಲೆ ಹಾಕುವ ಹೊತ್ತು ಎರಡು ಕಡೆಯೂ ಒಂದೇ ಆಗಬೇಕೆಂಬ ನಿಯಮವೇನೂ ಇಲ್ಲ.

ಕಂಪ್ಯೂಟರಿನ ಚರಿತ್ರೆಯಲ್ಲಿ ಇಂಥ ಭೇದವನ್ನು ಬೇಕೆಂದೇ ಇಟ್ಟದ್ದೂ ಉಂಟು. ೧೯೬೪ರ ಏಪ್ರಿಲ್ ೭ರಂದು ಅಮೆರಿಕದ ಐ.ಬಿ.ಎಂ. ಸಂಸ್ಥೆ ‘ಸಿಸ್ಟಂ ೩೬೦’ ಎಂಬ ಯಂತ್ರಗಳ ಕುಟುಂಬವನ್ನೇ ಪ್ರಕಟಿಸಿತು. ಚಿಕ್ಕ ಯಂತ್ರಕ್ಕೆ ಬರೆದ ಕಾರ್ಯಕ್ರಮ ದೊಡ್ಡ ಯಂತ್ರದಲ್ಲಿಯೂ ನಡೆಯಬೇಕೆಂಬುದು ಅದರ ಉದ್ದೇಶ. ಎಲ್ಲಕ್ಕೂ ಆಜ್ಞೆಗಳ ಭಾಷೆ ಒಂದೇ. ಆದರೆ ೩೦ನೆಯ ಮಾದರಿಯ ಒಳದಾರಿಯಲ್ಲಿ ಒಮ್ಮೆಗೆ ೮ ಬಿಟ್ಟುಗಳು ಮಾತ್ರ ಸಾಗುತ್ತಿದ್ದವು. ಮುಂದೆ ಬಂದ ೭೫ನೆಯ ಮಾದರಿಯಲ್ಲಿ ೬೪. ಒಂದೇ ಲೆಕ್ಕಕ್ಕೆ ಎರಡೂ ಒಂದೇ ಉತ್ತರ ಕೊಡುತ್ತಿದ್ದವು. ತೆಗೆದುಕೊಳ್ಳುವ ಹೊತ್ತು ಮಾತ್ರ ಬೇರೆ. ಒಂದೇ ವಿಂಡೋಸ್ ಎಂದರೂ ಅರ್ಥ ಇಷ್ಟೇ: ಉತ್ತರದ ಭರವಸೆ ಉಂಟು, ಹೊತ್ತಿನ ಭರವಸೆ ಇಲ್ಲ.

ಹಾಗಾದರೆ ಇಂದಿನ ಮನೆಯ ಯಂತ್ರಗಳಲ್ಲಿ ಹೊತ್ತು ಎಲ್ಲಿ ಹೋಗುತ್ತದೆ? ಬಹುಮಟ್ಟಿಗೆ ಉಗ್ರಾಣದ ಬಾಗಿಲಲ್ಲಿ. ಹಳೆಯ ಬಗೆಯ ಹಾರ್ಡ್ ಡಿಸ್ಕಿನಲ್ಲಿ ಒಂದು ತಟ್ಟೆ ತಿರುಗುತ್ತಿರುತ್ತದೆ. ಅದರ ಮೇಲೆ ಒಂದು ಕೈ ಗ್ರಾಮಫೋನಿನ ಮುಳ್ಳಿನಂತೆ ಆಚೀಚೆ ಸರಿದು ಓದುತ್ತದೆ. ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಈ ತಟ್ಟೆ ನಿಮಿಷಕ್ಕೆ ೫,೪೦೦ ಸುತ್ತು ತಿರುಗುತ್ತದೆ. ಎಂದರೆ ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ೧೧ ಪಾಲು. ಕೈ ಸರಿಯುವ ಹೊತ್ತನ್ನೂ ಸೇರಿಸಿದರೆ, ಚದರಿ ಬಿದ್ದಿರುವ ಒಂದೊಂದು ಚೂರನ್ನು ತರಲು ಸಾವಿರದಲ್ಲಿ ೧೫ ಪಾಲಿನಷ್ಟು ಬೇಕು. ಸೆಕೆಂಡಿಗೆ ಅರವತ್ತು ಎಪ್ಪತ್ತು ಚೂರುಗಳಾದರೆ ಹೆಚ್ಚು. ವಿಂಡೋಸ್ ಏಳುವಾಗ ಇಂಥ ಚೂರುಗಳನ್ನು ಸಾವಿರಗಟ್ಟಲೆ ಬೇಡುತ್ತದೆ. ಇತ್ತ ೩ ಗಿಗಾಹರ್ಟ್ಸಿನ ಪ್ರೊಸೆಸರಿಗೆ ಸೆಕೆಂಡಿಗೆ ೩೦೦ ಕೋಟಿ ಮಿಡಿತ. ಒಂದು ಚೂರು ಬರುವುದರೊಳಗೆ ಅದರ ನಾಲ್ಕೂವರೆ ಕೋಟಿ ಮಿಡಿತಗಳು ಕಳೆದುಹೋಗುತ್ತವೆ. ಭಟ್ಟರು ಎಷ್ಟು ಚುರುಕಾದರೇನು, ಬೇಳೆ ಬರದೆ ಸಾರು ಆಗುವುದಿಲ್ಲ. ಎಸ್.ಎಸ್.ಡಿ. ಎಂಬ ಹೊಸ ಬಗೆಯ ಡಿಸ್ಕಿನಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಕೈಯೂ ಇಲ್ಲ. ಅದೇ ಚೂರು ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಬಂದುಬಿಡುತ್ತದೆ.

ಎರಡನೆಯದು ಮೆಮೊರಿ. ಕೈಗೆಟುಕುವ ಜಾಗ ಕಿರಿದಾದರೆ ಸಾಮಾನನ್ನು ಪದೇ ಪದೇ ಉಗ್ರಾಣಕ್ಕೆ ಹಿಂದಿರುಗಿಸಿ ಮತ್ತೆ ತರಬೇಕಾಗುತ್ತದೆ. ಕಂಪ್ಯೂಟರೂ ಹಾಗೆಯೇ ಮಾಡುತ್ತದೆ: ಮೆಮೊರಿ ತುಂಬಿದಾಗ ಡಿಸ್ಕಿನ ಒಂದು ಭಾಗವನ್ನೇ ಮೆಮೊರಿಯೆಂದು ಬಳಸಿಕೊಳ್ಳುತ್ತದೆ. ವಿಂಡೋಸ್ ೧೧ಕ್ಕೆ ಕನಿಷ್ಠ ೪ ಗಿಗಾಬೈಟ್ ಮೆಮೊರಿ ಸಾಕೆಂದು ಅದನ್ನು ತಯಾರಿಸಿದವರು ಹೇಳಿದ್ದಾರೆ. ಅದು ನಡೆಯುವುದಕ್ಕೆ ಸಾಕು, ಓಡುವುದಕ್ಕಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ೮ ಗಿಗಾಬೈಟ್ ಮೆಮೊರಿಯನ್ನು ಒಂದೇ ಪಟ್ಟಿಯಾಗಿ ಹಾಕಬಹುದು, ೪ರ ಎರಡು ಪಟ್ಟಿಗಳಾಗಿಯೂ ಹಾಕಬಹುದು. ಎರಡು ದಾರಿಗಳುಳ್ಳ ಯಂತ್ರದಲ್ಲಿ ಎರಡು ಪಟ್ಟಿಗಳಿದ್ದರೆ ಎರಡೂ ದಾರಿಗಳಲ್ಲಿ ಸಂಚಾರ ಸಾಗುತ್ತದೆ. ಡಿ.ಡಿ.ಆರ್. ೪ ಜಾತಿಯ ೨,೪೦೦ರ ಮೆಮೊರಿಯಾದರೆ, ಒಂದು ದಾರಿಯಲ್ಲಿ ಸೆಕೆಂಡಿಗೆ ಗರಿಷ್ಠ ೧೯.೨ ಗಿಗಾಬೈಟ್, ಎರಡರಲ್ಲಿ ೩೮.೪. ಅಂಗಡಿಯ ಚೀಟಿಯಲ್ಲಿ ಮಾತ್ರ ಎರಡೂ “೮ ಜಿ.ಬಿ.” ಎಂದೇ ಇರುತ್ತವೆ.

ಮೂರನೆಯದು ಶಾಖ. ೨೦೧೭ರಲ್ಲಿ ಬಂದ ಇಂಟೆಲ್ ಸಂಸ್ಥೆಯ ಕೋರ್ ಐ ೫ ೮೨೫೦-ಯು ಎಂಬ ಪ್ರೊಸೆಸರನ್ನೇ ತೆಗೆದುಕೊಳ್ಳೋಣ. ಇದರ ಮೂಲ ವೇಗ ೧.೬ ಗಿಗಾಹರ್ಟ್ಸ್; ಅನುಕೂಲ ಒದಗಿದಾಗ ೩.೪ರವರೆಗೆ ಏರಬಲ್ಲದು. ಇದಕ್ಕೆ ಗೊತ್ತುಮಾಡಿದ ವಿದ್ಯುತ್ತಿನ ಅಳತೆ ೧೫ ವ್ಯಾಟ್; ಆದರೆ ಲ್ಯಾಪ್‌ಟಾಪ್ ತಯಾರಿಸುವವರು ಅದನ್ನು ೧೦ಕ್ಕೆ ಇಳಿಸಲೂ ೨೫ಕ್ಕೆ ಏರಿಸಲೂ ಅವಕಾಶವಿದೆ. ತೆಳ್ಳನೆಯ ಪೆಟ್ಟಿಗೆಯಲ್ಲಿ ಶಾಖ ಹೊರಗೆ ಹೋಗಲಾರದೆ ಪ್ರೊಸೆಸರು ನೂರು ಡಿಗ್ರಿಯ ಸಮೀಪಕ್ಕೆ ಬಂದರೆ, ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಹೀಗೆ ಒಂದೇ ಹೆಸರಿನ ಪ್ರೊಸೆಸರು ಒಂದು ಪೆಟ್ಟಿಗೆಯಲ್ಲಿ ಓಡುತ್ತದೆ, ಇನ್ನೊಂದರಲ್ಲಿ ನಡೆಯುತ್ತದೆ. ಗಾಳಿಯ ಕಿಂಡಿಗೆ ಧೂಳು ಕಟ್ಟಿದ್ದರೆ, ಯಂತ್ರವನ್ನು ಹಾಸಿಗೆಯ ಮೇಲಿಟ್ಟು ಕಿಂಡಿ ಮುಚ್ಚಿದ್ದರೆ ಫಲ ಅದೇ. ಬೇಸಿಗೆಯ ಮಧ್ಯಾಹ್ನ ೪೦ ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳಲ್ಲಿ ಯಂತ್ರದೊಳಗೆ ಎಳೆದುಕೊಳ್ಳುವ ಗಾಳಿಯೇ ಬಿಸಿ. ಅಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ನಾಲ್ಕನೆಯದು, ನಾವೇ ಹೇರಿದ ಹೊರೆ. ಯಂತ್ರ ಏಳುವಾಗಲೇ ತಾವೂ ಏಳುವ ಹತ್ತಾರು ಕಾರ್ಯಕ್ರಮಗಳು, ಒಂದರ ಮೇಲೊಂದು ಹಾಕಿದ ವೈರಸ್ ತಡೆಗಳು, ಹಿನ್ನೆಲೆಯಲ್ಲಿ ನಡೆಯುವ ಪರಿಷ್ಕರಣೆಗಳು ಇವೆಲ್ಲ ಸೇರಿ, ಒಂದೇ ದಿನ ಕೊಂಡ ಎರಡು ಯಂತ್ರಗಳನ್ನು ಎರಡು ವರ್ಷಗಳಲ್ಲಿ ಬೇರೆ ಬೇರೆಯಾಗಿಸಿಬಿಡುತ್ತವೆ.

ಇವುಗಳಲ್ಲಿ ಯಾವುದನ್ನು ಸರಿಪಡಿಸಿದರೆ ಹೆಚ್ಚು ಲಾಭ? ಮೇಲೆ ಹೇಳಿದ ಸಿಸ್ಟಂ ೩೬೦ರ ಮುಖ್ಯ ಶಿಲ್ಪಿಗಳಲ್ಲೊಬ್ಬರಾದ ಜೀನ್ ಆಮ್ಡಾಲ್, ಒಂದು ಕೆಲಸವನ್ನು ಹಲವು ಪ್ರೊಸೆಸರುಗಳಿಗೆ ಹಂಚುವುದರ ಮಿತಿಯನ್ನು ಕುರಿತು ೧೯೬೭ರಲ್ಲಿ ಒಂದು ವಾದವನ್ನು ಮಂಡಿಸಿದರು. ಆಮ್ಡಾಲ್ ನಿಯಮವೆಂದು ಹೆಸರಾದ ಅದರ ತಿರುಳು ಮನೆಯ ಲೆಕ್ಕಕ್ಕೂ ಒದಗುತ್ತದೆ. ಒಂದು ಯಂತ್ರ ಏಳಲು ೬೦ ಸೆಕೆಂಡು ಬೇಕು. ಅದರಲ್ಲಿ ೪೫ ಸೆಕೆಂಡು ಡಿಸ್ಕಿಗಾಗಿ ಕಾಯುವುದು, ೧೫ ಸೆಕೆಂಡು ಪ್ರೊಸೆಸರಿನ ಕೆಲಸ ಎಂದಿಟ್ಟುಕೊಳ್ಳಿ. ಎರಡರಷ್ಟು ವೇಗದ ಪ್ರೊಸೆಸರು ತಂದರೆ ಉಳಿಯುವುದು ಏಳೂವರೆ ಸೆಕೆಂಡು ಮಾತ್ರ. ಡಿಸ್ಕನ್ನು ಹತ್ತರಷ್ಟು ಚುರುಕುಗೊಳಿಸಿದರೆ ೪೫ ಸೆಕೆಂಡು ನಾಲ್ಕೂವರೆಗೆ ಇಳಿದು, ಒಟ್ಟು ಹೊತ್ತು ಹತ್ತೊಂಬತ್ತೂವರೆ ಸೆಕೆಂಡಾಗುತ್ತದೆ. ಹಣ ಹಾಕಬೇಕಾದದ್ದು ಯಂತ್ರ ಕಾಯುವ ಕಡೆ. ಅದು ಈಗಾಗಲೇ ಚುರುಕಾಗಿರುವ ಕಡೆ ಅಲ್ಲ.

ಕಾಯುವ ಜಾಗವನ್ನು ಮನೆಯಲ್ಲಿಯೇ ಪತ್ತೆಮಾಡಬಹುದು. ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಯಂತ್ರ ತಡಬಡಿಸುತ್ತಿರುವಾಗ ಅದನ್ನು ನೋಡಿ. ಡಿಸ್ಕಿನ ಅಂಕಿ ನೂರರ ಬಳಿ ನಿಂತಿದ್ದು ಪ್ರೊಸೆಸರಿನದು ಕೆಳಗಿದ್ದರೆ ದೋಷ ಉಗ್ರಾಣದ್ದು. ಮೆಮೊರಿ ತೊಂಬತ್ತನ್ನು ದಾಟಿದ್ದರೆ ಜಾಗ ಸಾಲದು. ಕೆಲಸ ತುಂಬ ಇದ್ದರೂ ಪ್ರೊಸೆಸರು ತನ್ನ ಮೂಲ ವೇಗಕ್ಕಿಂತ ಕೆಳಗೇ ನಡೆಯುತ್ತಿದ್ದರೆ ಶಾಖವನ್ನು ಶಂಕಿಸಬೇಕು.

೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲ ಮುಗಿದುದರಿಂದ ಅನೇಕರು ಹಳೆಯ ಯಂತ್ರವನ್ನು ಬಿಸಾಡುವ ಯೋಚನೆಗೆ ಬಂದರು. ಅದು ಭದ್ರತೆಯ ಪ್ರಶ್ನೆ, ವೇಗದ್ದಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ವಿಂಡೋಸ್ ೧೧ ಒಪ್ಪದ ಯಂತ್ರದಲ್ಲಿಯೂ ಲಿನಕ್ಸ್ ಹಾಕಿ ಮಕ್ಕಳ ಓದಿಗೆ, ಪತ್ರವ್ಯವಹಾರಕ್ಕೆ ಬಳಸುವುದು ಸಾಧ್ಯವಿದೆ.

ಡಿಸ್ಕನ್ನೋ ಮೆಮೊರಿಯನ್ನೋ ಬದಲಾಯಿಸುವುದೆಂದು ನಿಶ್ಚಯಿಸಿದವರು ಎರಡು ಮಾತು ನೆನಪಿನಲ್ಲಿಡಬೇಕು. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಬೆಸುಗೆ ಹಾಕಿಯೇ ಕೂರಿಸಿರುತ್ತಾರೆ. ಬದಲಾಯಿಸಲು ಬರುತ್ತದೆಯೇ ಎಂದು ಮೊದಲೇ ಕೇಳಿ ತಿಳಿಯಬೇಕು. ಡಿಸ್ಕಿಗೆ ಕೈಹಾಕುವ ಮುನ್ನ ಮನೆಯ ಚಿತ್ರಗಳು, ಕಾಗದಪತ್ರಗಳು ಎಲ್ಲದರ ಪ್ರತಿಯನ್ನು ಬೇರೊಂದು ಕಡೆ ತೆಗೆದಿಟ್ಟುಕೊಳ್ಳಬೇಕು. ವೇಗವನ್ನು ಹಣ ಕೊಟ್ಟು ತರಬಹುದು. ಕಳೆದುಹೋದ ಚಿತ್ರವನ್ನು ತರಲಾಗುವುದಿಲ್ಲ.