ಹರಿಯುವ ನೀರಿಗೆ ಮೈಲಿಗೆಯಿಲ್ಲವೇ?

ಮಳೆಗಾಲ ಕಳೆದು ಹಳ್ಳಗಳ ನೀರು ತಿಳಿಯಾಯಿತೆಂದರೆ ಕಾರವಾರ, ಅಂಕೋಲಾ, ಜೋಯಿಡಾ ಕಡೆಗೆ ಟೆಂಟು ಹೊತ್ತು ಬರುವವರು ಶುರುವಾಗುತ್ತಾರೆ. ಟೆಂಟಿನ ಜೊತೆ ಅವರು ಹೊತ್ತು ತರುವ ನಂಬಿಕೆಯೊಂದಿದೆ: ಹರಿಯುವ ನೀರಿಗೆ ಮೈಲಿಗೆಯಿಲ್ಲ. ಆದ್ದರಿಂದ ಹಳ್ಳಕ್ಕಿಳಿದು ಸೋಪು ಹಚ್ಚಿ ಮೀಯಬಹುದು, ಅಲ್ಲೇ ಪಾತ್ರೆ ತಿಕ್ಕಬಹುದು, ನಾಲ್ಕು ಮಾರು ಮೇಲೆ ಹೋಗಿ ಕುಡಿಯುವ ನೀರನ್ನೂ ತುಂಬಿಕೊಳ್ಳಬಹುದು. ಈ ನಂಬಿಕೆ ಪೂರ್ತಿ ಸುಳ್ಳೇನಲ್ಲ. ಕಲ್ಲಿಗೆ ಬಡಿದು ಹರಿಯುವ ನೀರಿನಲ್ಲಿ ಆಮ್ಲಜನಕ ಚೆನ್ನಾಗಿ ಬೆರೆಯುತ್ತದೆ, ಬಿಸಿಲಿಗೆ ಒಂದಷ್ಟು ರೋಗಾಣುಗಳು ಸಾಯುತ್ತವೆ, ಕೊಳೆ ತೆಳುವಾಗುತ್ತದೆ. ಆದರೆ ತೆಳುವಾಗುವುದು ಬೇರೆ, ಇಲ್ಲವಾಗುವುದು ಬೇರೆ. ತೆಳುವಾಗುವುದಕ್ಕೂ ಬೇಕಾದಷ್ಟು ನೀರು ಇರಬೇಕು. ಆಗಸ್ಟಿನಲ್ಲಿ ಭೋರ್ಗರೆಯುವ ಹಳ್ಳ ಮಾರ್ಚಿಗೆ ಮೊಣಕಾಲುದ್ದದ ಗುಂಡಿಗಳ ಸಾಲಾಗಿರುತ್ತದೆ. ಶಿಬಿರದ ಹಂಗಾಮು ಜೋರಾಗುವುದೂ ಆಗಲೇ. ಇನ್ನು ಮೇಲಿನ ನೀರು ಕಣ್ಣಿಗೆ ಕನ್ನಡಿಯಂತಿದ್ದರೂ ಅದರಾಚೆಯ ತಿರುವಿನಲ್ಲಿ ದನ ಇಳಿದಿರಬಹುದು, ಇನ್ನೊಂದು ತಂಡ ಬೀಡುಬಿಟ್ಟಿರಬಹುದು. ಇಲಿಜ್ವರದ ಬ್ಯಾಕ್ಟೀರಿಯಾ ಇಲಿ, ದನಗಳ ಮೂತ್ರದಿಂದ ನೀರು ಸೇರಿ, ಕಾಲಿನ ಸಣ್ಣ ಗಾಯದ ಮೂಲಕವೂ ಒಳಹೊಕ್ಕೀತು. ಕುಡಿಯುವ ನೀರನ್ನು ಒಂದು ನಿಮಿಷವಾದರೂ ಕೊತಕೊತ ಕುದಿಸಲೇಬೇಕು.

ಕಾಳಿ ಹೊಳೆ ಕಡಲು ಸೇರುವಲ್ಲಿನ ಚಿತ್ತಾಕುಲದ ದಂಡೆಯಲ್ಲಂತೂ ಈ ನಂಬಿಕೆಗೆ ಕಾಲೂರಲು ಜಾಗವೇ ಇಲ್ಲ. ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿದ ಕಾಳಿ ಸುಮಾರು 184 ಕಿಲೋಮೀಟರ್ ಹರಿದು, ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳನ್ನು ದಾಟಿ, ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುತ್ತದೆ. ಹಾಗೆಂದು ಹೊಳೆ ಇಲ್ಲಿ ಯಾವಾಗಲೂ ಕಡಲಿನತ್ತಲೇ ಹರಿಯುವುದಿಲ್ಲ. ದಿನಕ್ಕೆ ಎರಡು ಸಲ ಉಬ್ಬರ ಬಂದು ಉಪ್ಪುನೀರು ಹೊಳೆಯೊಳಗೆ ಏರುತ್ತದೆ. ಇಳಿತದ ಹೊತ್ತಿಗೆ ನೀರಿಗೆ ಬಿಟ್ಟ ಕೊಳೆ ಆರೇಳು ತಾಸಿನಲ್ಲಿ ಅದೇ ದಂಡೆಗೆ ವಾಪಸು ಬರಬಹುದು. ಇಳಿತ ನೋಡಿಕೊಂಡು ಇದೇ ಅಳಿವೆಯ ಮರಳಿನಲ್ಲಿ ಜನ ಬಳಚು ಎಂಬ ಚಿಪ್ಪಿ ಹೆಕ್ಕುತ್ತಾರೆ. ಬಳಚು ಬದುಕುವುದೇ ನೀರನ್ನು ಒಳಗೆಳೆದು ಸೋಸಿ, ಸಿಕ್ಕಿದ್ದನ್ನು ಉಂಡು. ನೀರಿನಲ್ಲಿ ತೆಳುವಾಗಿ ಹರಡಿಹೋಯಿತೆಂದು ನಾವು ಸಮಾಧಾನಪಟ್ಟುಕೊಂಡ ರೋಗಾಣು ಅದರ ಒಡಲಿನಲ್ಲಿ ಮತ್ತೆ ಒಟ್ಟುಗೂಡಿ, ಯಾರದೋ ಮನೆಯ ಸಾರಿಗೆ ಬೀಳುತ್ತದೆ. ಸಮುದ್ರ ಎಲ್ಲವನ್ನೂ ನುಂಗುತ್ತದೆ ಎನ್ನುವವರು ಈ ಚಿಪ್ಪಿಯನ್ನು ಲೆಕ್ಕಕ್ಕೆ ಹಿಡಿದೇ ಇಲ್ಲ.

ಸೋಪು ಕೆಟ್ಟದ್ದಾದರೆ ಸೀಗೆಕಾಯಿ, ಅಂಟುವಾಳ ಇವೆಯಲ್ಲ, ಗಿಡದಿಂದ ಬಂದದ್ದು ಗಿಡಕ್ಕೇ ಹೋಗುತ್ತದೆ ಎಂಬ ವಾದ ಇನ್ನೂ ಜನಪ್ರಿಯ. ಇದನ್ನು ಕೊಂಚ ನಿಧಾನವಾಗಿ ನೋಡಬೇಕು. ಇವೆರಡರಲ್ಲೂ ನೊರೆ ಬರಿಸುವುದು ಸಪೋನಿನ್ ಎಂಬ ವಸ್ತು, ಮೀನಿನ ಕಿವಿರಿಗೆ ಅದು ವಿಷ. ಕಾರೆಕಾಯಿ ಜಜ್ಜಿ ನೀರಿಗೆ ಹಾಕಿ ಮೀನನ್ನು ಮಂಕುಗೊಳಿಸಿ ಹಿಡಿಯುವ ಹಳೆಯ ವಿದ್ಯೆಯ ಹಿಂದಿರುವುದೂ ಸಪೋನಿನ್ನೇ. ನಿಂತ ಗುಂಡಿಯ ನೀರಿನ ಮೇಲೆ ಉದ್ದ ಕಾಲು ಚಾಚಿ ಜಾರುವ ಹುಳುವಿನ ಹತ್ತಿರ ಸೋಪಿನ ನೊರೆ ಬಿಡಿ. ಅದನ್ನು ಹೊತ್ತಿದ್ದ ನೀರಿನ ಮೇಲ್ಪೊರೆಯ ಬಿಗಿ ಸಡಿಲಿ, ಅದು ಮುಳುಗುತ್ತದೆ. ಸೋಪು ಗಿಡದ್ದೋ ಕಾರ್ಖಾನೆಯದ್ದೋ ಎಂದು ಅದು ಕೇಳುವುದಿಲ್ಲ. ‘ಮಣ್ಣಿನಲ್ಲಿ ಕರಗುವ ಸೋಪು’ ಎಂದು ಮಾರುವವರ ಮಾತಿನಲ್ಲಿ ಸುಳ್ಳಿಲ್ಲ, ಅದು ಮಣ್ಣಿನಲ್ಲಿ ಕರಗುತ್ತದೆ. ಒಡೆಯುವ ಕೆಲಸ ಮಾಡುವ ಸೂಕ್ಷ್ಮಜೀವಿಗಳು ದಟ್ಟವಾಗಿರುವುದು ದರಕು ಕೊಳೆತ ಕಾಡಿನ ಮಣ್ಣಿನಲ್ಲಿ. ನೀರನ್ನು ಬಕೆಟ್ಟಿನಲ್ಲಿ ಹಳ್ಳದಿಂದ 60 ಮೀಟರಾದರೂ ದೂರ ಒಯ್ದು, ಅಲ್ಲಿ ಮಿಂದು, ಅಲ್ಲೇ ಚೆಲ್ಲಿದರೆ ಆ ಸೋಪು ಹೇಳಿದ ಮಾತಿಗೆ ತಪ್ಪುವುದಿಲ್ಲ.

ಹಾಗಾದರೆ ಊರಿನವರು ತಲೆತಲಾಂತರದಿಂದ ಹಳ್ಳದಲ್ಲೇ ಬಟ್ಟೆ ಒಗೆದಿಲ್ಲವೇ ಎಂದು ಕೇಳಬಹುದು. ಒಗೆದಿದ್ದಾರೆ. ಅದರಿಂದ ಹಳ್ಳಕ್ಕೆ ಏನೂ ಆಗಿಲ್ಲವೆಂದು ನಾನು ಹೇಳಲಾರೆ. ಆದರೆ ಊರಿಗೆ ಒಗೆಯುವ ಕಲ್ಲು ಒಂದು ಕಡೆ, ಕುಡಿಯುವ ಬಾವಿ ಇನ್ನೊಂದು ಕಡೆ ಎಂಬ ಕಟ್ಟುಪಾಡು ಇರುತ್ತದೆ. ಒಂದು ರಾತ್ರಿಗೆ ಬಂದವರಿಗೆ ಅದು ಗೊತ್ತಿರುವುದಿಲ್ಲ. ಶೌಚದ ವಿಷಯದಲ್ಲಿ ಈ ಅಂತರ ಇನ್ನೂ ಎದ್ದು ಕಾಣುತ್ತದೆ. ನೀರಿನಿಂದ ಅದೇ 60 ಮೀಟರ್ ದೂರದಲ್ಲಿ, ಮೆತ್ತನೆಯ ಕಪ್ಪು ಮಣ್ಣಿನಲ್ಲಿ 15–20 ಸೆಂಟಿಮೀಟರ್ ಗುಂಡಿ ತೋಡಿ ಮುಚ್ಚುವುದು ಸರಿಯಾದ ಕ್ರಮ. ತೂತುತೂತಾದ ಚಿರೆಕಲ್ಲಿನ ನೆಲದಲ್ಲಿ ಕೊಳೆ ಸೋಸಿಕೊಳ್ಳದೆ ಬಾವಿಗೆ ಇಳಿದೀತು. ಮಾಜಾಳಿಯಂಥ ಕಡಲತೀರದ ಮರಳಿನಲ್ಲಿ ಹೂತದ್ದು ಬೇಗ ಕೊಳೆಯುವುದೂ ಇಲ್ಲ, ಅಲೆ ಅದನ್ನು ಬಹಳ ದಿನ ಮುಚ್ಚಿಡುವುದೂ ಇಲ್ಲ. ಅಲ್ಲಿ ಊರಿನ ಶೌಚಾಲಯ ಹುಡುಕಿಕೊಂಡು ನಡೆಯುವುದೊಂದೇ ದಾರಿ.

ನೀರು ಹೊರುವುದು ಯಾರಿಗೆ ಬೇಕು ಎಂಬ ಆಕ್ಷೇಪ ಉಳಿಯಿತು. ಇದು ಸ್ನಾನವೇ ಶುಚಿತ್ವ ಎಂಬ ಇನ್ನೊಂದು ತಪ್ಪು ಎಣಿಕೆಯಿಂದ ಹುಟ್ಟಿದ್ದು. ಎರಡು ದಿನ ಮೀಯದವರಿಗೆ ಬೆವರು ನಾತ ಬಂದೀತು, ಅದರಿಂದ ಭೇದಿಯಾಗದು. ಒದ್ದೆ ಬಟ್ಟೆಯಿಂದ ಕಂಕುಳು, ತೊಡೆಸಂದು, ಪಾದ ಒರೆಸಿ, ಒಣ ಕಾಲುಚೀಲ ಹಾಕಿಕೊಂಡರೆ ಚರ್ಮಕ್ಕೆ ಅಷ್ಟು ಸಾಕು. ತಂಡವನ್ನು ಮಲಗಿಸುವುದು ಶೌಚ ಮುಗಿಸಿ ಬಂದು ತೊಳೆಯದೆ ಅವಲಕ್ಕಿ ಕಲಸಿದ ಕೈ. ಅದಕ್ಕೆ ಬೇಕಾದದ್ದು ಒಂದು ತಂಬಿಗೆ ನೀರು, ಚೂರು ಸೋಪು, 20 ಸೆಕೆಂಡು ತಿಕ್ಕುವ ತಾಳ್ಮೆ. ಸ್ಯಾನಿಟೈಸರ್ ಇದ್ದರೆ ಇದೂ ಬೇಡವೆಂದುಕೊಳ್ಳುವಂತಿಲ್ಲ. ಮಣ್ಣು, ಎಣ್ಣೆ ಮೆತ್ತಿದ ಕೈಯಲ್ಲಿ ಆಲ್ಕೋಹಾಲ್ ಸರಿಯಾಗಿ ಕೆಲಸ ಮಾಡದು. ವಾಂತಿಭೇದಿ ತರುವ ನೋರೋವೈರಸ್ ಅದಕ್ಕೆ ಸುಲಭವಾಗಿ ಬಗ್ಗುವುದೂ ಇಲ್ಲ. ಒದ್ದೆ ಟಿಶ್ಯೂಗಳ ಪೈಕಿ ಬಹಳಷ್ಟರಲ್ಲಿ ಪ್ಲಾಸ್ಟಿಕ್ ಎಳೆಯಿದೆ. ಅದನ್ನು ಹೂಳದೆ, ಸುಡದೆ, ಬಿಗಿಯಾಗಿ ಕಟ್ಟಿದ ಚೀಲದಲ್ಲಿ ಮನೆಗೆ ಒಯ್ಯಬೇಕು.